ಓಡಿಸಿ ನೋಡದ ಏರು

ದೊಡ್ಡಗಾಜನೂರಿನ ವೃಷಭೇಂದ್ರ ಕೊಯಮತ್ತೂರಿನಲ್ಲಿ ರೇಸ್ ಕಾರು ಸಜ್ಜುಮಾಡುವ ಗ್ಯಾರೇಜೊಂದರಲ್ಲಿ ಪಳಗಿ ಬಂದವನು. ತಾಳವಾಡಿ ಬಸ್‌ಸ್ಟ್ಯಾಂಡಿನ ಪಕ್ಕ ತಗಡಿನ ಶೆಡ್ ಹಾಕಿಕೊಂಡಿದ್ದ. ಹಳೇ ಪೆಟ್ರೋಲ್ ಜೀಪುಗಳ ಕಾರ್ಬುರೇಟರ್ ಕಳಚಿ, ಆ ಜಾಗಕ್ಕೆ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮುವ ಇಂಜೆಕ್ಷನ್ ಕಿಟ್ ಕೂರಿಸುವುದು ಅವನ ಕಸುಬು. ಬೆಳಗಿನ ಚಳಿಯಲ್ಲಿ ಚೋಕ್ ಎಳೆದೆಳೆದು ಸೋತವರಿಗೆ, ಕೀಲಿ ತಿರುಗಿಸಿದ ಕೂಡಲೇ ಜೀಪು ಸ್ಟಾರ್ಟ್ ಆಗುವುದು ಕಂಡು ಬೆರಗು. ‘ಲ್ಯಾಪ್‌ಟಾಪ್ ಮೆಕ್ಯಾನಿಕ್’ ಎಂದೇ ಹೆಸರಾಗಿದ್ದ. ಆ ಹೆಸರು ಅವನಿಗೂ ಹಿತವಾಗಿತ್ತು.

ಕಿಟ್ ಕೂರಿಸುವುದಕ್ಕಿಂತ ಅದರ ಕಂಪ್ಯೂಟರಿಗೆ ಮ್ಯಾಪ್, ಅಂದರೆ ಪೆಟ್ರೋಲಿನ ಲೆಕ್ಕದ ಪಟ್ಟಿ, ತುಂಬುವುದು ಕಷ್ಟ. ಪರದೆಯ ತುಂಬ ಚೌಕಗಳು. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ ಎಂಬುದಕ್ಕೆ ತಕ್ಕಂತೆ ಒಂದೊಂದು ಚೌಕದಲ್ಲೂ ಇಷ್ಟು ಪೆಟ್ರೋಲ್ ಎಂದು ಸಂಖ್ಯೆ. ಜೀಪು ಓಡಿಸುತ್ತಾ, ಹೊಗೆಕೊಳವೆಯ ಸೆನ್ಸರ್ ತೋರಿಸಿದ್ದನ್ನು ನೋಡುತ್ತಾ ಅವನ್ನು ತಿದ್ದಬೇಕು.

ತಿಗನಾರೆಯ ಮಾದಪ್ಪನ ಜೀಪಿಗೆ ಅವನು ಹಾಗೆ ಮಾಡಲಿಲ್ಲ. ಮಾದಪ್ಪ ಎಲೆಕೋಸು ಹೇರಿಕೊಂಡು ಮಾರ್ಕೆಟ್ಟಿಗೆ ಬರುವವನು. ವೃಷಭೇಂದ್ರ ಖಾಲಿ ಜೀಪನ್ನು ಸಮತಟ್ಟು ರಸ್ತೆಯಲ್ಲಷ್ಟೇ ಓಡಿಸಿದ. ಭಾರ ಹೊತ್ತು ಏರು ಹತ್ತುವಾಗಿನ ಚೌಕಗಳು ಹಾಗೇ ಉಳಿದವು. ಅವತ್ತು ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಹೋಗುವ ಅವಸರ. ಬೇರೊಂದು ಜೀಪಿನ ಸಂಖ್ಯೆಗಳನ್ನು ಅಲ್ಲಿಗೆ ಅಂಟಿಸಿ, “ಮುಗೀತು ಕಣಣ್ಣ, ತಕ್ಕೊಂಡೋಗು” ಎಂದುಬಿಟ್ಟ.

ವಾರದೊಳಗೆ ಮಾದಪ್ಪ ವಾಪಸು ಬಂದ. ಲೋಡು ಹಾಕಿ ಏರು ಹತ್ತಿದರೆ ಇಂಜಿನ್ನಿನೊಳಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕಟಕ ಎನ್ನುತ್ತದೆ, ಎಳೆಯುವುದೇ ಇಲ್ಲ ಎಂದ. ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನೆರೆದರು. ಅಷ್ಟು ಜನರೆದುರು ಲ್ಯಾಪ್‌ಟಾಪ್ ಬಿಚ್ಚಲು ವೃಷಭೇಂದ್ರನಿಗೆ ಅಳುಕಾಯಿತು.

“ಪೆಟ್ರೋಲ್ ಎಲ್ಲಿ ಆಕ್ಸ್ದೆ?”

“ನಮ್ಮೂರ ಶಿವನಂಜಮ್ಮನ್ ಟೀ ಅಂಗಡೀಲಿ. ಬಾಟ್ಲಿ ಪೆಟ್ರೋಲು.”

“ಅಂಗನ್ನು ಮತ್ತೆ! ಸೀಮೆಎಣ್ಣೆ ಬೆರ್ಸವ್ಳೆ ಕಣಣ್ಣ. ಅದು ಕುಡುದ್ರೆ ಯಾವ್ ಇಂಜಿನ್ನೂ ಇಂಗೇ ಬಡ್ಕತದೆ.”

ಸುತ್ತಲಿನವರು ತಲೆದೂಗಿದರು. ಇದ್ದರೂ ಇರಬಹುದು ಎಂದು ವೃಷಭೇಂದ್ರ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಾದಪ್ಪ ಅಂದಿನಿಂದ ತಾಳವಾಡಿಯ ಬಂಕಿನಲ್ಲೇ ಹಾಕಿಸಿದ. ಬಡಿತ ನಿಲ್ಲಲಿಲ್ಲ. ಮತ್ತೆ ಬಂದಾಗ ವೃಷಭೇಂದ್ರ ಕೋಸಿನ ಮೂಟೆಗಳ ಸಮೇತ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮಾದಪ್ಪನ ಕೈಲಿ ಏರು ಹತ್ತಿಸಿ ನೋಡಿದ. ತಾನು ಅಂಟಿಸಿದ ಚೌಕಗಳಿಗೆ ಬರುತ್ತಲೇ ಪೆಟ್ರೋಲ್ ಸಾಲದೆಂದು ಪರದೆ ತೋರಿಸಿತು. ಅಲ್ಲೇ ಸಂಖ್ಯೆ ತಿದ್ದಿದ. ಎರಡನೇ ಸಲ ಜೀಪು ಸಲೀಸಾಗಿ ಹತ್ತಿತು.

“ಏನಾಗಿತ್ಲಾ?” ಎಂದ ಮಾದಪ್ಪ.

“ಅಳೇ ಪೆಟ್ರೋಲಿನ ಕೊಳೆ ಒಳಗೇ ಕುಂತಿತ್ತು. ತೆಗ್ದೆ.”

“ನೀನ್ ಏಳಿದ್ದು ಒಳ್ಳೇದಾಯ್ತು ಬುಡು. ಈಗ ಒಬ್ರೂ ಆ ಶಿವನಂಜಮ್ಮನತ್ರ ಪೆಟ್ರೋಲ್ ತಕ್ಕೊಳಲ್ಲ. ಟೀಗೂ ಏನ್ ಬೆರೆಸ್ತಾಳೋ ಅಂತ ಟೀಗೂ ಓಗಲ್ಲ.”

ಅಂದು ಹೆಂಡತಿ ಪದ್ಮಶ್ರೀ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದ. ಏನಾಯಿತೆಂದು ಅವಳು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ. ಆ ವಾರವೆಲ್ಲ ಕೆಲಸಕ್ಕೆ ಕೈ ಓಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಬೈಕಿಗೆ ಪೆಟ್ರೋಲ್ ಬೇಕೆಂಬ ನೆಪ ಮಾಡಿಕೊಂಡು ತಿಗನಾರೆಗೆ ಹೋದ.

ಅಂಗಡಿಯಲ್ಲಿ ಗಿರಾಕಿಗಳು ಒಬ್ಬರೂ ಇರಲಿಲ್ಲ. ಗಂಡ ಸತ್ತ ಮೇಲೆ ಆ ಅಂಗಡಿಯಿಂದಲೇ ಬದುಕುತ್ತಿದ್ದ ಶಿವನಂಜಮ್ಮ ಅವನ ಗುರುತು ಹಿಡಿದು ಎದ್ದು ಬಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

“ನಿನ್ ಮಿಸೀನಲ್ಲಿ ಕಾಣ್ತಂತಲ್ಲಪ್ಪ, ನನ್ ಪೆಟ್ರೋಲ್ ಕೆಟ್ಟದ್ದು ಅಂತ. ನಾನ್ ಏನೂ ಬೆರ್ಸ್ನಿಲ್ಲ ಕಣಪ್ಪ. ಕ್ಯಾನಲ್ಲೇ ಏನಾರ ಇತ್ತೇನೋ ಅಂತ ಬೂದಿ ಆಕಿ ತಿಕ್ಕಿವ್ನಿ. ವಸಿ ನೋಡೇಳು.”

ಉಜ್ಜಿ ಉಜ್ಜಿ ಬಣ್ಣಗೆಟ್ಟ ಕ್ಯಾನನ್ನು ಮುಂದೆ ಇಟ್ಟಳು. ವೃಷಭೇಂದ್ರನಿಗೆ ಅದನ್ನು ಮುಟ್ಟಲಾಗಲಿಲ್ಲ.

“ಮಿಸೀನು ಏನೂ ಏಳ್ನಿಲ್ಲ ಅಕ್ಕಾ. ನಾನೇ ಏಳ್ದೆ. ತಪ್ಪು ನನ್ ಕೆಲಸದಲ್ಲೇ ಇತ್ತು.”

ಅವಳು ಕ್ಯಾನ್ ಎತ್ತಿ ಒಳಗಿಟ್ಟಳು.

“ನಂಗೊಬ್ಬಳಿಗೆ ಏಳುದ್ರೆ ಏನ್ ಬಂತು? ನಾಕ್ ಜನದ್ ಮುಂದೆ ಅಂದ್ಯಲ್ಲ, ಅಲ್ಲೇ ಓಗ್ ಏಳು.”

ಮಾರ್ಕೆಟ್ಟಿನ ದಿನ ವೃಷಭೇಂದ್ರ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ತಪ್ಪು ಶಿವನಂಜಮ್ಮನ ಪೆಟ್ರೋಲಿನದಲ್ಲ, ತನ್ನದೇ ಎಂದು ಹೇಳಿದ. ದನಿ ಸಣ್ಣಗಾಯಿತು, ಬಸ್ಸಿನ ಹಾರನ್ನಿನಲ್ಲಿ ಕೇಳದೆ ಇನ್ನೊಮ್ಮೆ ಹೇಳಬೇಕಾಯಿತು. ಯಾರೋ ನಕ್ಕರು. ಮಾದಪ್ಪ ಹತ್ತಿರ ಬಂದ.

“ಅಂಗಾರೆ ಎಲ್ಡ್ ಸಲಾನೂ ಸುಳ್ಳಾ?”

“ಊಂ ಕಣಣ್ಣ.”

ಮಾದಪ್ಪ ಜೀಪು ಹತ್ತಿ ಹೊರಟುಹೋದ. ಆಮೇಲೆ ಅವನ ಜೀಪು ಆ ಶೆಡ್ಡಿಗೆ ಬರಲಿಲ್ಲ.

ಶಿವನಂಜಮ್ಮನ ಅಂಗಡಿಗೆ ಜನ ಒಬ್ಬೊಬ್ಬರಾಗಿ ಮರಳಿದರು. ಕೆಲವರು ಇನ್ನೂ ಮರಳಿಲ್ಲ. ವೃಷಭೇಂದ್ರ ಈಗ ಯಾವ ಜೀಪನ್ನೂ ಮರಳಿನ ಮೂಟೆ ಹೇರಿ ಏರು ಹತ್ತಿಸದೆ ಕೊಡುವುದಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಲು ಅವಳಲ್ಲಿಗೇ ಹೋಗುತ್ತಾನೆ. ಅವಳು ಬಾಟಲಿಯಿಂದ ಪೆಟ್ರೋಲ್ ಸುರಿಯುತ್ತಾಳೆ. ಅಷ್ಟು ಹೊತ್ತೂ ಅವನು ಟ್ಯಾಂಕಿನ ಬಾಯನ್ನೇ ನೋಡುತ್ತಾ ನಿಂತಿರುತ್ತಾನೆ. ತಲೆಯೆತ್ತಿ ಅವಳ ಮುಖ ನೋಡಲು ಇನ್ನೂ ಆಗಿಲ್ಲ.