ಬೀಗಿತ್ತಿಯ ಎಡೆ

ಸೆನ್ ಸತ್ತು ವರ್ಷ ತುಂಬುತ್ತ ಬಂದರೂ ತಾಮಜ್ಜಿಗೆ ಅವಳ ಮೇಲಿದ್ದ ಹೊಟ್ಟೆಕಿಚ್ಚು ಆರಿರಲಿಲ್ಲ. ಸತ್ತವರ ಮೇಲೆ ಮತ್ಸರ ಇಟ್ಟುಕೊಳ್ಳಬಾರದು ಎಂದು ಊರಿನ ಹಿರಿಯರು ಹೇಳುತ್ತಾರೆ. ಹೇಳುವುದಕ್ಕೇನು, ಅವರಿಗೆ ಸೆನ್‌ಳಂಥ ಬೀಗಿತ್ತಿ ಇರಲಿಲ್ಲವಲ್ಲ.

ಸಾ ದೆಕ್ ಪೇಟೆಯಿಂದ ಕೆಳಕ್ಕೆ ಹರಿಯುವ ಕಾಲುವೆಯ ಈ ದಡದಲ್ಲಿ ತಾಮಜ್ಜಿಯ ಮನೆ, ಆ ದಡದಲ್ಲಿ ಸೆನ್‌ಳ ಮನೆ. ತಾಮಜ್ಜಿಯ ಮಗ ಖಾಯ್, ಸೆನ್‌ಳ ಒಬ್ಬಳೇ ಮಗಳನ್ನು ಮದುವೆಯಾದ. ಗಂಡಹೆಂಡತಿ ದೋಣಿಗೆ ಅನಾನಸು ತುಂಬಿಕೊಂಡು ಊರೂರು ಸುತ್ತಿ ಮಾರುವವರು. ಹೊರಟರೆಂದರೆ ತಿಂಗಳೊಪ್ಪತ್ತು ಮನೆಯ ಕಡೆ ತಲೆಹಾಕುತ್ತಿರಲಿಲ್ಲ. ಮಗಳು ಲುವಾ ಏಳು ತಿಂಗಳ ಕೂಸಾಗಿದ್ದಾಗ ಖಾಯ್ ಅವಳನ್ನು ಎತ್ತಿಕೊಂಡು ಬಂದು ತಾಯಿಯ ಮುಂದೆ ನಿಂತ.

"ಅಮ್ಮಾ, ಇವಳನ್ನ ನೀನು ನೋಡ್ಕೊತೀಯಾ?"

ಮೊಮ್ಮಗನಿಗೆಂದು ಹರಕೆ ಹೊತ್ತು ಕೂತಿದ್ದ ತಾಮಜ್ಜಿ ಕೂಸಿನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಹೆಣ್ಣು ತಾನೆ? ನಿಮ್ಮತ್ತೆ ಹತ್ರ ಬಿಟ್ಟು ಹೋಗು. ಗಂಡಾದಾಗ ನಾನಿದೀನಿ" ಎಂದಳು.

ಗಂಡು ಆಗಲೇ ಇಲ್ಲ.

"ಮಗು ಅಪ್ಪನ ಮನೆ ಅಜ್ಜಿಯದು, ಪಾಡು ಅಮ್ಮನ ಮನೆ ಅಜ್ಜಿಯದು" ಎಂಬ ಗಾದೆ ಆ ಕಡೆ ಎಲ್ಲರ ಬಾಯಲ್ಲೂ ಇದೆ. ತಾಮಜ್ಜಿ ಆ ಗಾದೆಯನ್ನೇ ನೆಚ್ಚಿಕೊಂಡಳು. ಪಾಡು ಅವಳು ಪಡಲಿ, ಮಗು ಹೇಗಿದ್ದರೂ ತನ್ನ ವಂಶದ್ದು. ಆದರೆ ಮೂರು ವರ್ಷದ ಲುವಾಳತ್ತ ಕೈಚಾಚಿದರೆ, ಅವಳು ಸೆನ್‌ಳ ಕುತ್ತಿಗೆಗೆ ಜೋತುಬಿದ್ದು ಊರೆಲ್ಲ ಕೇಳುವಂತೆ ಕಿರುಚಿದಳು. ಸೆನ್ ಅಷ್ಟಕ್ಕೇ ನಾಚಿಕೊಂಡು, "ನಿದ್ದೆಗಣ್ಣು ತಾಮಕ್ಕ, ಅದಕ್ಕೇ ಹಟ" ಎಂದು ಸಮಾಧಾನ ಹೇಳಿದಳು. ಆ ಸಮಾಧಾನ ತಾಮಜ್ಜಿಗೆ ಕಿರುಚಾಟಕ್ಕಿಂತ ಹೆಚ್ಚು ಉರಿಯಿತು.

ಅಂದಿನಿಂದ ತಾಮಜ್ಜಿಗೆ ಆ ದಡವನ್ನು ನೋಡುವುದೇ ಕೆಲಸವಾಯಿತು. ಬಟ್ಟೆ ಒಗೆಯುವ ನೆಪ, ಬಾತುಕೋಳಿ ಕರೆಯುವ ನೆಪ, ಯಾವುದೂ ಸಿಗದಿದ್ದರೆ ಸುಮ್ಮನೆ ಸೊಂಟನೋವಿನ ನೆಪ. ಸೆನ್ ಚಾಪೆ ನೇಯುವವಳು. ಇಪ್ಪತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಆ ಮಗ್ಗದಲ್ಲೇ ಮಗಳನ್ನು ಸಾಕಿದ್ದಳು, ಈಗ ಮೊಮ್ಮಗಳು. ಮಗುವಿನ ಜೋಳಿಗೆಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಂಡು, ಕೈಯಲ್ಲಿ ನೇಯುತ್ತ ಕಾಲಲ್ಲಿ ತೂಗುತ್ತಿದ್ದಳು. ಸೇತುವೆಯೆಂದರೆ ಒಂದೇ ಬಿದಿರಿನ ಗಳು. ಅದರ ಮೇಲೆ ಲುವಾಳನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ದಾಟಿಸಿದಳು. ಹುಡುಗಿ ಎಂಟು ವರ್ಷದವಳಾಗಿ ಬೆನ್ನ ಮೇಲೆ ಹಿಡಿಸದಂತಾದ ಮೇಲೂ ದಾಟಿಸಿದಳು. ಡೆಂಗ್ಯೂ ಜ್ವರ ಬಂದಾಗ ನಾಲ್ಕು ದಿನ ಬೀಸಣಿಗೆ ಕೆಳಗಿಡಲಿಲ್ಲ. ತಾಮಜ್ಜಿ ಎಳನೀರು ಹೊತ್ತುಕೊಂಡು ಹೋದರೆ ಬಾಗಿಲಲ್ಲೇ "ಈಗ ತಾನೆ ಕಣ್ಣು ಮುಚ್ಚಿದ್ಲು ತಾಮಕ್ಕ" ಎಂಬ ಪಿಸುಮಾತು. ತನ್ನ ಮೊಮ್ಮಗಳನ್ನು ನೋಡಲು ತಾನೇ ಬಾಗಿಲಲ್ಲಿ ನಿಲ್ಲಬೇಕು!

ಒಮ್ಮೆ ತಾಮಜ್ಜಿ ಪೇಟೆಯಿಂದ ಗುಲಾಬಿ ಬಣ್ಣದ ರೇನ್‌ಕೋಟ್ ತಂದು ಲುವಾಳಿಗೆ ತೊಡಿಸಿದಳು. ಹುಡುಗಿ ಹಿಂದೆ ಮುಂದೆ ತಿರುಗಿ ನೋಡಿಕೊಂಡು, "ಚೆನ್ನಾಗಿದೆ ಅಜ್ಜಿ. ಅಮ್ಮಮ್ಮಂಗೂ ಒಂದು ತಂದ್ಕೊಡಿ, ಅವಳು ನೆಂದ್ಕೊಂಡೇ ಓಡಾಡ್ತಾಳೆ" ಎಂದಳು. ತಾಮಜ್ಜಿ ಆ ದಿನ ಉಣ್ಣಲಿಲ್ಲ.

ನೋಡುತ್ತ ನೋಡುತ್ತ ಅವಳ ಕಣ್ಣಿಗೆ ಒಂದು ಸಂಗತಿ ಬಿದ್ದಿತು. ಮಧ್ಯಾಹ್ನ ಇಡೀ ಓಣಿ ಮಲಗಿದ ಮೇಲೆ ಸೆನ್ ಹಿತ್ತಲ ಮೆಟ್ಟಿಲಿಗೆ ಬಂದು, ಒಂದು ಕಾಲನ್ನು ನೀರಿಗಿಳಿಬಿಟ್ಟು ಕೂರುತ್ತಿದ್ದಳು. ಬಟ್ಟಲಲ್ಲಿ ತಂಗಳನ್ನ, ಕೆಂಡದಲ್ಲಿ ಸುಟ್ಟ ಒಣಮೀನು, ಮತ್ತು ಕಲ್ಲಂಗಡಿಯ ನಟ್ಟನಡುವಿನ ಕೆಂಪು ತುಂಡು. ಲುವಾಳಿಗೂ ಓಣಿಯ ಮಕ್ಕಳಿಗೂ ಹಂಚುವಾಗ ಆ ನಡುವಿನ ತುಂಡನ್ನು ಮೆಲ್ಲನೆ ಮರೆಮಾಡಿ ಇಟ್ಟಿರುತ್ತಿದ್ದಳು. ಒಂದು ತುತ್ತು ಅನ್ನ, ಒಂದು ಚೂರು ಮೀನು, ಒಂದು ಕಚ್ಚು ಹಣ್ಣು. ಕಣ್ಣು ಮುಚ್ಚಿ, ಕಳ್ಳ ಬೆಕ್ಕಿನಂತೆ ತಿನ್ನುತ್ತಿದ್ದಳು.

"ಸಿಕ್ಕಿಬಿದ್ದೆ!" ಎಂದುಕೊಂಡಳು ತಾಮಜ್ಜಿ. ನಿಮ್ಮ ದೇವತೆಯಂಥ ಅಮ್ಮಮ್ಮ ಏನು ಮಾಡುತ್ತಾಳೆ ನೋಡು ಎಂದು ಲುವಾಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತುರಿಸಿತು. ಆದರೂ ಹೇಳಲಿಲ್ಲ. ಹೇಳಿದರೆ ಆ ಹುಡುಗಿ ಅದಕ್ಕೂ ಕರಗಿ ಅವಳನ್ನೇ ಅಪ್ಪಿಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಸೆನ್‌ಳ ಬದುಕಿನಲ್ಲಿ ಲುವಾಳಿಗೆ ಸಿಗದೆ ತನಗೊಬ್ಬಳಿಗೇ ಸಿಕ್ಕದ್ದು ಅದೊಂದೇ. ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ತಾಮಜ್ಜಿಗೆ ಇರಲಿಲ್ಲ.

ಮೊದಲ ತಿಥಿಗೆ ಎರಡು ದಿನವಿದ್ದಾಗ ಲುವಾ ಸೇತುವೆ ದಾಟಿ ಬಂದಳು. ಹತ್ತೊಂಬತ್ತರ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಜ್ಜಿ, ಅಮ್ಮಮ್ಮಂಗೆ ತಿನ್ನೋಕೆ ಏನಿಷ್ಟ ಇತ್ತು? ನಿಮಗೇನಾದ್ರೂ ಗೊತ್ತಾ?"

"ಅವಳ ಮಡಿಲಲ್ಲಿ ಬೆಳೆದೋಳು ನೀನು. ನನ್ನನ್ನ ಕೇಳ್ತೀಯಾ?"

"ಅದೇ ಅಜ್ಜಿ ನಾಚಿಕೆ. ನಮ್ಜೊತೆ ಕೂತು ಅವಳು ಉಂಡಿದ್ದೇ ನಾನು ನೋಡಿಲ್ಲ. ಕೇಳಿದ್ರೆ, ಅಡುಗೆಮನೇಲೇ ಉಂಡೆ ಅನ್ನೋಳು. ಹಂದಿಮಾಂಸ, ಮೊಟ್ಟೆ ಬೇಯಿಸೋಣ ಅಂದ್ಕೊಂಡೆ. ಆಮೇಲೆ ಹೊಳೀತು, ಅದು ನಂಗಿಷ್ಟ. ಹಾಗಲಕಾಯಿ ಸಾರು ಅಪ್ಪಂಗಿಷ್ಟ. ವರ್ಷಕ್ಕೊಂದ್ಸಲ ಊಟಕ್ಕೆ ಮನೆಗೆ ಬರ್ತಾಳೆ. ಅವತ್ತೂ ನಮ್ಮಿಷ್ಟದ್ದೇ ಬಡಿಸಿ ಕಳಿಸ್ಲಾ?"

ನಾಲಗೆಯ ತುದಿಗೆ ಬಂದದ್ದನ್ನು ತಾಮಜ್ಜಿ ನುಂಗಿಕೊಂಡಳು. "ನಂಗೇನು ಗೊತ್ತಮ್ಮ" ಎಂದು ಬಾತುಕೋಳಿಗಳ ಕಡೆ ತಿರುಗಿದಳು. ಲುವಾ ಹೋದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕರೆಯಲಿಲ್ಲ.

ತಿಥಿಯ ಬೆಳಿಗ್ಗೆ ಸೆನ್‌ಳ ಮನೆ ತುಂಬಿತ್ತು. ಹಿರಿಯರ ಪೀಠದ ಮೇಲೆ ಅವಳ ಪಟ, ಮುಂದೆ ಊದುಕಡ್ಡಿ, ಹಣ್ಣು. ಲುವಾ ಒಲೆಯ ಮುಂದೆ ಪೆಚ್ಚಾಗಿ ಕೂತಿದ್ದಳು. ಆಗ ಪಕ್ಕದ ಮನೆಯ ಚಿನ್ ಎಂಬಾಕೆ ಒಂದು ಪಾತ್ರೆ ಹೊತ್ತು ಒಳಗೆ ಬಂದಳು.

"ತೆಂಗಿನಹಾಲಲ್ಲಿ ಬೇಯಿಸಿದ ಬಸವನಹುಳು! ಸೆನ್‌ಗೆ ಇದಂದ್ರೆ ಪ್ರಾಣ. ನಂಗಲ್ದೆ ಇನ್ಯಾರಿಗೆ ಗೊತ್ತು?"

ಲುವಾಳ ಮುಖ ಅರಳಿತು. "ಹೌದಾ ಚಿಕ್ಕಮ್ಮ? ನಿಜವಾಗ್ಲೂ?"

ತಾಮಜ್ಜಿಗೆ ತಡೆಯಲಾಗಲಿಲ್ಲ. ಒಳ್ಳೆಯತನದಿಂದಲ್ಲ, ಗೊತ್ತಿರುವವಳು ತಾನು, ಹೆಸರು ಇವಳಿಗೆ!

"ನಿನ್ನ ತಲೆ! ಬಸವನಹುಳು ಅವಳ ಬಾಯಿಗೆ ಹೋಗಿದ್ದನ್ನ ಈ ಕಣ್ಣು ಒಂದು ದಿನ ನೋಡಿಲ್ಲ. ಏಯ್ ಲುವಾ, ಇಲ್ಲಿ ಕೇಳು. ತಂಗಳನ್ನ ಇದೆಯಾ? ಒಂದು ಒಣಮೀನು ಸುಡು, ಸ್ವಲ್ಪ ಕರಕಾಗ್ಲಿ. ಕಲ್ಲಂಗಡಿ ಕೊಯ್ದು ನಡುವಿನ ತುಂಡು ತೆಗಿ. ಅಂಚಿಂದಲ್ಲ, ನಡುವಿಂದು! ನಿಮಗೆಲ್ಲ ಹಂಚಿ, ಅದೊಂದನ್ನ ಬಚ್ಚಿಟ್ಕೊಂಡು ಹಿತ್ತಲಲ್ಲಿ ಕೂತು ತಿನ್ನೋಳು ಕಳ್ಳಿ."

ಖಾಯ್ ಬೆರಗಾಗಿ, "ನಿಂಗೆ ಹೇಗಮ್ಮ ಗೊತ್ತು?" ಎಂದ.

"ಹದಿನೈದು ವರ್ಷ ನಾನಿನ್ನೇನು ನೋಡಿದೀನಿ ಅಂದ್ಕೊಂಡೆ!"

ಲುವಾ ಎಡೆ ಇಟ್ಟು, ತಲೆಬಾಗಿ, ಬಿಕ್ಕಿ ಬಿಕ್ಕಿ ಅತ್ತಳು. ಅತ್ತದ್ದು ಪಟದ ಕಡೆ ತಿರುಗಿ, ತಾಮಜ್ಜಿಯ ಕಡೆಗಲ್ಲ. ಇದ್ದದ್ದೊಂದನ್ನೂ ಕೊಟ್ಟಾಯಿತು, ಸಿಕ್ಕಿದ್ದೇನು? ತಾಮಜ್ಜಿಗೆ ರೇಗಿತು.

"ನಂಗೇನಿಷ್ಟ ಅಂತಾನೂ ಈಗ್ಲೇ ಕೇಳಿಟ್ಕೊ. ನಾನು ಸತ್ಮೇಲೆ ಬೀದಿ ಬೀದಿ ಕೇಳ್ಕೊಂಡು ತಿರುಗ್ಬೇಡ."

ಲುವಾ ಕಣ್ಣೊರೆಸಿಕೊಂಡು ತಿರುಗಿದಳು. "ನಂಗೊತ್ತು ಅಜ್ಜಿ. ಎಳೇ ಹುಣಸೆಕಾಯಿ. ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿದ್ದು."

ಹಲ್ಲಿಲ್ಲದ ಮುದುಕಿಗೆ ಹುಣಸೆಕಾಯಿಯ ಚಪಲ ಎಂದು ನಕ್ಕಾರೆಂದು, ಅದನ್ನು ತಾಮಜ್ಜಿ ಮಗನಿಗೂ ತಿಳಿಯದಂತೆ ತಿನ್ನುತ್ತಿದ್ದಳು.

"ಯಾರೇ ಹೇಳಿದ್ದು?"

"ಅಮ್ಮಮ್ಮ. ಹಿತ್ತಲ ಮೆಟ್ಟಿಲಿಂದ ನೀವು ಕಾಣ್ತಿದ್ರಂತೆ. ನಂಗೆ ಅಡುಗೆ ಕಲಿಸಿದ ಮೊದಲ್ನೇ ದಿನಾನೇ ಹೇಳಿದ್ಲು: 'ನಿಮ್ಮಜ್ಜಿ ಹೋದ್ಮೇಲೆ ಎಡೇಲಿ ಇದನ್ನ ಇಡೋದು ಮರೀಬೇಡ. ಅವರು ಬಾಯಿಬಿಟ್ಟು ಕೇಳೋರಲ್ಲ.'"

ತಾಮಜ್ಜಿ ಪಟವನ್ನೇ ದುರುಗುಟ್ಟಿ ನೋಡಿದಳು. ತಾನು ಬಿಗಿಯಾಗಿ ಹಿಡಿದಿಟ್ಟುಕೊಂಡಂಥದ್ದೇ ಗುಟ್ಟನ್ನು ಆ ಹೆಂಗಸು ಎಂದೋ, ಯಾರೂ ಕೇಳದೆಯೇ, ಕೊಟ್ಟುಬಿಟ್ಟಿದ್ದಳು. ತಾಮಜ್ಜಿಯ ಹೊಟ್ಟೆ ಎಂದೂ ಉರಿಯದಷ್ಟು ಉರಿಯಿತು, ಕಣ್ಣು ತುಂಬಿ ಬಂದಿತು. ಎದ್ದು ಹೋಗಿ, ಸೆನ್‌ಳಿಗೆ ಒಂದು ಊದುಕಡ್ಡಿ ಹಚ್ಚಿದಳು.