ಮುಂದಿನ ಗಾಲಿಯ ಸದ್ದು

ಕಳೆದ ವಾರ ಸಿಂಧನೂರಿನ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಮುಂದಿನ ಗಾಲಿ ಬಿಚ್ಚಿದ ಮಿಸ್ತ್ರಿ, ಒಳಗಿನಿಂದ ತೆಗೆದ ಕಬ್ಬಿಣದ ತುಂಡೊಂದನ್ನು ಪೇಪರಿನ ಮೇಲಿಟ್ಟು ನನ್ನ ಮುಂದೆ ಹಿಡಿದ. ಬಾಲ್ ಜಾಯಿಂಟ್ ಅನ್ನುತ್ತಾರೆ ಅದಕ್ಕೆ. ಗಾಲಿಯನ್ನು ಗಾಡಿಯ ಮೈಗೆ ಹಿಡಿದಿಡುವ ಕೀಲು. ಬಟ್ಟಲಿನೊಳಗೆ ಗುಂಡು ಕೂತ ಹಾಗಿರುತ್ತದೆ. ಮೇಲಿನ ರಬ್ಬರು ಹರಿದು, ಒಳಗಿನ ಗ್ರೀಸು ಮಣ್ಣು ಕುಡಿದು ಕಪ್ಪಗಾಗಿತ್ತು. ಆ ಕಮಟು ವಾಸನೆ ಮೂಗಿಗೆ ಬಡಿಯಿತು… ಮಿಸ್ತ್ರಿ ಏನೋ ಹೇಳುತ್ತಲೇ ಇದ್ದ. ನನಗೆ ಕಂಡದ್ದು ಮಾತ್ರ ಬಿಸಿ ಡಾಂಬರಿನ ಮೇಲೆ ಮೊಣಕಾಲೂರಿ ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದ ಅತ್ತಿ.

ಅತ್ತಿ ಎಂದು ಕರೆಯುತ್ತಿದ್ದರೂ ಅವಳು ನಮ್ಮ ಸಂಬಂಧಿಕಳಲ್ಲ. ಮಸ್ಕಿಯಲ್ಲಿ ನಮ್ಮ ಮನೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯವಳು. ಅವಳ ಗಂಡ ಬಾಡಿಗೆ ಕಾರು ಓಡಿಸುತ್ತಿದ್ದ. ಬಿಳಿ ಕಾರು, ಆತ ಕೊಳ್ಳುವ ಹೊತ್ತಿಗೇ ಇಬ್ಬರ ಕೈದಾಟಿ ಬಂದದ್ದು. ಓಡಿದ ದಾರಿ ತೋರಿಸುವ ಮೀಟರು ಯಾವಾಗಲೋ ತಿರುಗುವುದನ್ನು ಬಿಟ್ಟಿತ್ತು. ಆತನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಕಾರು ತಿಂಗಳುಗಟ್ಟಲೆ ಬಾಗಿಲ ಮುಂದೆ ಧೂಳು ತಿಂದಿತು. ಆಮೇಲೊಂದು ದಿನ ಅತ್ತಿ ಗಂಡನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲುವೆ ದಂಡೆಯ ಮೇಲೆ ಗಾಡಿ ಹೊಡೆಯಲು ಕಲಿತಳು. ಆತ ಎಡಗೈಯಿಂದ ಗೇರು ತೋರಿಸುತ್ತಿದ್ದ. ಜನ ನಗುತ್ತಿದ್ದರು. ಅವಳು ಲೈಸೆನ್ಸು ಮಾಡಿಸಿಕೊಂಡು ಬಂದ ಮೇಲೂ ಸ್ವಲ್ಪ ದಿನ ನಕ್ಕರು.

ಆದರೆ ಹೆಂಗಸರು ನಗಲಿಲ್ಲ. ಬಳಗಾನೂರು, ವಳಕಮದಿನ್ನಿ ಕಡೆಯಿಂದ ಹೆರಿಗೆಗೆ ಹೊರಟವರು ಅತ್ತಿಯ ಕಾರಿಗೇ ಹೇಳಿಕಳಿಸುತ್ತಿದ್ದರು. ನೋವು ಬಂದವಳು ಹಿಂದಿನ ಸೀಟಿನಲ್ಲಿ ಬಾಯಿಬಿಟ್ಟು ಅಳಬಹುದು, ಬೈಯಬಹುದು, ಕಾಲು ಚಾಚಬಹುದು. ಕನ್ನಡಿಯಲ್ಲಿ ನೋಡುವ ಗಂಡಸಿನ ಕಣ್ಣಿರುವುದಿಲ್ಲ. ಹೊಂಡ ಬಂದರೆ ಅತ್ತಿ ಮೊದಲೇ ಹೇಳುತ್ತಿದ್ದಳಂತೆ, ಹಿಡಕೊ ತಂಗಿ, ಈಗೊಂದು ಕುಣಿ ಐತಿ ಎಂದು. ನಾನು ಆಗ ಸಿಂಧನೂರಿನ ಆಸ್ಪತ್ರೆ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೆರಿಗೆಯಾದವಳ ತಾಯಿ ಔಷಧಿಗೆ ಬಂದಾಗ ಮಗಳ ಸುದ್ದಿಯ ಜೊತೆಗೆ ಅತ್ತಿಯ ಸುದ್ದಿಯನ್ನೂ ಹೇಳಿ ಹೋಗುತ್ತಿದ್ದಳು. ಅದನ್ನು ಕೇಳುವಾಗ ನನ್ನದೇ ಮನೆಯವಳ ಬಗ್ಗೆ ಕೇಳಿದಷ್ಟು ಹೆಮ್ಮೆಯಾಗುತ್ತಿತ್ತು…

ಗಾಡಿ ಹೊಡೆಯುವವಳು ಅತ್ತಿಯಾದರೂ ಕಾರು ಅವಳದ್ದಾಗಿರಲಿಲ್ಲ. ಗಂಡ ಹಾಸಿಗೆ ಹಿಡಿದಾಗ ಮನೆಯವರೆಲ್ಲ ಸೇರಿ ಅದನ್ನು ಮೈದುನನ ಹೆಸರಿಗೆ ಮಾಡಿಸಿದ್ದರು. ಗಂಡಸೊಬ್ಬ ನೋಡಿಕೊಳ್ಳಲಿ ಎಂದು. ರಿಪೇರಿಗೆ ಬಿಡಬೇಕಾದರೂ ಮೈದುನ ಹೂಂ ಅನ್ನಬೇಕು. ಆ ವರ್ಷ ಮಳೆ ಮುಗಿದ ಮೇಲೆ ಭತ್ತದ ಟ್ರ್ಯಾಕ್ಟರುಗಳು ಓಡಾಡಿ ರಸ್ತೆ ಕಿತ್ತುಹೋಗಿತ್ತು. ಕಾರಿನ ಎಡಗಡೆ ಮುಂದಿನ ಗಾಲಿಯಿಂದ ಕಟ್ ಕಟ್ ಎಂದು ಸದ್ದು ಬರತೊಡಗಿತ್ತು. ತಿರುವಿನಲ್ಲಿ ಜಾಸ್ತಿ. ಅದರ ಬಗ್ಗೆ ಅತ್ತಿ, ಮೈದುನ ಮಾತಾಡಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತ್ತು.

“ಒಂದಿನ ಗ್ಯಾರೇಜಿಗೆ ಬಿಡೋಣಪ್ಪ. ಗಾಲಿ ಕೈಗೆ ಸುದ್ದಿ ಹೇಳಾಕತ್ತೈತಿ,” ಎಂದಿದ್ದಳು ಅತ್ತಿ.

“ಹಳೇ ಗಾಡಿ ಅಂದ್ರ ಸದ್ದು ಮಾಡತೈತಿ ವೈನಿ. ಲಗ್ನದ ಸೀಜನ್ನಿನ್ಯಾಗ ಗಾಡಿ ನಿಲ್ಸಾಕ ಆಗೂದಿಲ್ಲ. ಹೆದರಿಕಿ ಆದ್ರ ಇಳೀರಿ, ಬ್ಯಾರೆ ಡ್ರೈವರ್ ನೋಡ್ತೀನಿ,” ಎಂದಿದ್ದ ಮೈದುನ.

ಅತ್ತಿ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲು ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿದ್ದರು. ಅತ್ತಿ ಬಾಣಂತಿಯೊಬ್ಬಳನ್ನು ಆಸ್ಪತ್ರೆಯಿಂದ ಬಳಗಾನೂರಿಗೆ ಬಿಡಲು ಹೊರಟಿದ್ದಳು. ಅಲ್ಲಿಂದ ಮಸ್ಕಿಗೆ ಹೋಗುತ್ತೀನಿ, ಬಾ ಎಂದಳು. ಹಿಂದಿನ ಸೀಟಿನಲ್ಲಿ ಬಾಣಂತಿ, ಕೂಸನ್ನು ಎದೆಗವುಚಿಕೊಂಡ ಅವಳ ತಾಯಿ, ನಾನು. ಬಸ್ ಸ್ಟ್ಯಾಂಡಿನ ಹತ್ತಿರ ಮಸ್ಕಿಯ ಅರಿವೆ ಅಂಗಡಿ ಸಾಹುಕಾರರು ಕೈ ಮಾಡಿದರು. ಹಿರಿಯರು, ಇಲ್ಲ ಅನ್ನುವಂತಿರಲಿಲ್ಲ. ಅತ್ತಿಯ ಪಕ್ಕದಲ್ಲಿ ಕೂತರು. ಊರು ದಾಟುತ್ತಿದ್ದಂತೆ ಅತ್ತಿ ಕನ್ನಡಿಯಲ್ಲಿ ನನ್ನ ಕಡೆ ನೋಡಿ, ನಾಳೆ ಯಾರನ್ನೂ ಕೇಳದೆ ಗಾಡಿಯನ್ನು ಗ್ಯಾರೇಜಿಗೆ ಹಾಕುತ್ತೇನೆ, ಏನಾದರೂ ಅನ್ನಲಿ ಎಂದಳು. ಕೂಸಿದೆ ಎಂದು ಗಾಡಿಯನ್ನು ತೀರ ನಿಧಾನ ಹೊಡೆಯುತ್ತಿದ್ದಳು. ಸಾಹುಕಾರರಿಗೆ ಅದು ಬೇಸರವಾಗಿ ಎರಡು ಸಲ ಗಡಿಯಾರ ನೋಡಿಕೊಂಡದ್ದು ನೆನಪಿದೆ.

ಬಳಗಾನೂರು ಇನ್ನೇನು ಬರಬೇಕು, ಬಲಗಡೆ ಕಾಲುವೆ ತುಂಬಿ ಹರಿಯುತ್ತಿತ್ತು. ಟಣ್ ಎಂದು ಒಂದು ಸದ್ದು. ಕಾರಿನ ಎಡ ಮೂತಿ ಕುಸಿದು ನೆಲಕ್ಕೆ ಬಡಿಯಿತು. ಗಾಲಿ ಮುರಿದ ಪಾದದ ಹಾಗೆ ಹೊರಕ್ಕೆ ಮಗುಚಿ ಬಿದ್ದಿತ್ತು. ಕಬ್ಬಿಣ ಡಾಂಬರಿಗೆ ಉಜ್ಜುವ ಸದ್ದಿನಲ್ಲಿ ಬಾಣಂತಿ ಕೂಗಿದ್ದು ಕೇಳಿಸಲಿಲ್ಲ, ಅವಳ ಬಾಯಿ ತೆರೆದದ್ದಷ್ಟೇ ಕಂಡಿತು. ಕಾರು ಒಮ್ಮೆ ಕಾಲುವೆ ಕಡೆಗೆ ಜಗ್ಗಿತು. ಸಾಹುಕಾರರು ಹೆದರಿ ಸ್ಟೇರಿಂಗಿಗೇ ಕೈ ಹಾಕಿದರು. ಅತ್ತಿ ಮೊಣಕೈಯಿಂದ ಅವರನ್ನು ಆಚೆ ತಳ್ಳಿ, ಎರಡೂ ಕೈಯಿಂದ ಸ್ಟೇರಿಂಗನ್ನು ತಿರುಗಿಸಿ ಹಿಡಿದಳು. ಅವಳ ಕುತ್ತಿಗೆಯ ನರಗಳು ಎದ್ದು ನಿಂತಿದ್ದವು. ಕೈ ಬಿಡಲಿಲ್ಲ. ಕಾರು ರಸ್ತೆ ಬಿಟ್ಟು ಎಡಕ್ಕಿಳಿದು ಜಾಲಿಗಿಡಕ್ಕೆ ಹೋಗಿ ಆನಿಕೊಂಡು ನಿಂತಿತು.

ಕೂಸು ಅಳುತ್ತಿತ್ತು. ಅದಕ್ಕೇನೂ ಆಗಿರಲಿಲ್ಲ, ಬಾಣಂತಿಗೂ ಏನೂ ಆಗಿರಲಿಲ್ಲ. ಸಾಹುಕಾರರ ಭುಜದ ಎಲುಬು ಬಿರುಕು ಬಿಟ್ಟಿತ್ತು. ಅತ್ತಿ ಎಲ್ಲರನ್ನೂ ಇಳಿಸಿ ನೆರಳಿಗೆ ಕೂರಿಸಿ, ಆಮೇಲೆ ಹೋಗಿ ರಸ್ತೆಯ ಮೇಲೆ ಮೊಣಕಾಲೂರಿ ಬಗ್ಗಿದಳು.

ಗಾಡಿ ಎಳೆದೊಯ್ಯಲು ಬಂದ ಮಿಸ್ತ್ರಿ ಮುರಿದ ಕೀಲನ್ನು ತೆಗೆದು ಮೈದುನನಿಗೆ ತೋರಿಸಿ, ಇದು ಸವೆದು ಕಿತ್ತುಬಂದಿದೆ, ಯಾರ ಕೈಯಲ್ಲಿದ್ದರೂ ಹೀಗೇ ಆಗುತ್ತಿತ್ತು ಎಂದ. ಮೈದುನ ಅದನ್ನು ಡಿಕ್ಕಿಯೊಳಗೆ ಎಸೆದ. ಆಮೇಲೆ ಅದರ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

ಮಸ್ಕಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅದರೊಳಗಿನ ಕೀಲು ಹೋಗಿ ಹೆಣ್ಣಷ್ಟೇ ಉಳಿದಿದ್ದಳು. ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಸಾಹುಕಾರರು ಅಂಗಡಿಯಲ್ಲಿ ಕೂತು, ಕೈ ಕೊರಳಿಗೆ ಕಟ್ಟಿಕೊಂಡು, ಬಂದವರಿಗೆಲ್ಲ ಹೇಳಿದರು. ತಾವು ಸ್ಟೇರಿಂಗ್ ಹಿಡಿದದ್ದರಿಂದಲೇ ಎಲ್ಲರೂ ಉಳಿದರು ಎಂದೂ ಹೇಳಿದರು. ನಾನು ಕಂಡದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ನೀನೂ ಹೆಣ್ಣಲ್ಲವಾ, ನಿನಗೆ ಗಾಡಿ ವಿಷಯ ಏನು ಗೊತ್ತು ಎಂದರು. ಬಾಣಂತಿಯನ್ನಂತೂ ಯಾರೂ ಕೇಳಲೇ ಇಲ್ಲ. ಅವಳು ತವರಿನಲ್ಲಿ ಕತ್ತಲ ಕೋಣೆಯೊಳಗಿದ್ದಳು.

ಎರಡು ದಿನದ ಮೇಲೆ ಅತ್ತಿಯ ಮನೆಯಲ್ಲಿ ಹಿರಿಯರು ಕೂತರು. ನಾನು ಅವ್ವನ ಜೊತೆ ಬಾಗಿಲಲ್ಲಿ ನಿಂತಿದ್ದೆ. ಅತ್ತಿ ವಾದ ಮಾಡಲಿಲ್ಲ.

“ಸದ್ದು ಕೇಳ್ಸಿತ್ತು ನಂಗ. ಕೇಳಿಸ್ಕೊಂಡೂ ಹೊಡದೆ. ಅದೊಂದು ತಪ್ಪು ನಂದು,” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. ಗಾಡಿ ಏನೆಂದು ಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ. ಅವಳಿಗೆ ಕಲಿಸಿದವನೂ ಅವನೇ. ಲಕ್ವಾ ಹೊಡೆದಾಗಿನಿಂದ ಅವನ ಮಾತು ತೊದಲು, ಅರ್ಧ ಅತ್ತಿಗಷ್ಟೇ ತಿಳಿಯುತ್ತಿತ್ತು. ಅವತ್ತು ಮಾತ್ರ ಎಲ್ಲರಿಗೂ ತಿಳಿಯಿತು.

“ಸಾಕು ಬಿಡು. ಕೀಲಿ ಕೊಡು ಅವಂಗ.”

ಅತ್ತಿ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟಳು.

ಹೊಸ ಬಾಲ್ ಜಾಯಿಂಟ್ ಹಾಕಿಸಿಕೊಂಡು ಕಾರು ಮರಳಿ ಬಂತು. ಮೈದುನ ತಾನೇ ಹೊಡೆಯತೊಡಗಿದ. ಜನ ಹತ್ತಿದರು. ಸಾಹುಕಾರರೂ ಹತ್ತಿದರು. ಹೆರಿಗೆಯ ಹೆಂಗಸರು ಮತ್ತೆ ಸೆರಗನ್ನು ಬಾಯೊಳಗೆ ತುರುಕಿಕೊಂಡು ಸಿಂಧನೂರಿಗೆ ಹೋದರು.

ಗಂಡ ತೀರಿದ ಮೇಲೆ ಅತ್ತಿ ಲಿಂಗಸುಗೂರಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಸೇರಿದಳು. ಒಮ್ಮೊಮ್ಮೆ ಬಸ್ಸಿನಲ್ಲಿ ನನಗೆ ಸಿಗುತ್ತಿದ್ದಳು. ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂತಿರುತ್ತಿದ್ದಳು. ಯಾಕೆ ಅತ್ತಿ, ಮುಂದೆ ಜಾಗ ಇದೆಯಲ್ಲ ಎಂದು ಒಮ್ಮೆ ಕೇಳಿದರೆ, “ಮುಂದ ಕುಂತ್ರ ಕಾಲು ಬ್ರೇಕ್ ಹುಡುಕತೈತವ್ವ,” ಎಂದು ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ. ಮರುವರ್ಷ ಕಾಮಾಲೆಯಾಗಿ ಅಲ್ಲೇ ತೀರಿಕೊಂಡಳು… ನನಗೆ ತಿಳಿಯುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಈಗ ಮಸ್ಕಿಯಲ್ಲಿ ಕಾರು ಹೊಡೆಯುವ ಹೆಂಗಸರು ಬೇಕಾದಷ್ಟು. ಕಳೆದ ವಾರ ಆ ಗ್ಯಾರೇಜಿನಿಂದ ಮರಳುವಾಗ ಮಸ್ಕಿಯಲ್ಲಿ ಗಾಳಿ ಹಾಕಿಸಲು ನಿಂತಿದ್ದೆ. ಅಂಗಡಿಯ ಮುದುಕ ಗಾಲಿಯ ಹತ್ತಿರ ಕೂತು, ನಮ್ಮೂರಲ್ಲಿ ಹೆಣ್ಣುಮಕ್ಕಳು ಕಾರು ಹೊಡೆಯುವುದು ನಿಮ್ಮಿಂದಲೇ ಶುರುವಾಯಿತು ನೋಡಿ ಎಂದು ಹೊಗಳಿದ. ಅಲ್ಲ, ನನಗಿಂತ ಮೊದಲು ಒಬ್ಬಳಿದ್ದಳು ಎಂದೆ. ಬಿಳಿ ಕಾರು, ಹೆರಿಗೆಯವರನ್ನು ಕರೆದೊಯ್ಯುತ್ತಿದ್ದಳು ಎಂದೆ. ಆತ ಪೈಪನ್ನು ಗಾಲಿಗೆ ಸಿಕ್ಕಿಸಿದ.

“ಹಾಂ… ಕಾರು ಕೆಡವಿದಾಕಿ.”

ಕೆಡವಲಿಲ್ಲ, ಕೀಲು ಮುರಿದಿತ್ತು, ನಾನು ಒಳಗಿದ್ದೆ, ಅವಳು ನಮ್ಮನ್ನೆಲ್ಲ ಉಳಿಸಿದಳು ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆತ ಮರ್ಯಾದೆಯಿಂದಲೇ ಕೇಳಿಸಿಕೊಂಡ. ಈಗ ಎಲ್ಲಿದ್ದಾಳೆ ಎಂದ. ತೀರಿಹೋದಳು ಎಂದೆ.

ಆತ ಲೊಚಗುಟ್ಟಿದ. ಪೈಪು ಸುತ್ತುತ್ತ ತಲೆಯೆತ್ತಿ ಕೇಳಿದ.

“ತೀರಿದ್ದು ಕಾರಿನಾಗ ಏನ್ರಿ?”