ತುಟಿ ಮುಂದೆ, ಮಾತು ಹಿಂದೆ

ದಿನವೂ ಕಂಪ್ಯೂಟರ್ ಹಾಕುವ ಮುಂಚೆ ಕತ್ತರಿ ಅಕ್ಕ ಕೀಲಿಮಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಣ್ಣು ಮುಚ್ಚಿ, "ದೇವರೇ, ಕೈ ಕೆಡದಿರಲಿ" ಎಂದುಕೊಳ್ಳುವಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಮೊದಲು ಬಟ್ಟೆ ಹೊಲಿಯುತ್ತಿದ್ದಳು. ಮೊಣಕಾಲು ಸೋತ ಮೇಲೆ ಮೈದುನನ ಸ್ಟುಡಿಯೋದಲ್ಲಿ ವಿಡಿಯೋ ಕತ್ತರಿಸಲು ಕೂತಳು. ಅಡ್ಡಹೆಸರು ಮಾತ್ರ ಹಾಗೇ ಉಳಿಯಿತು.

ಫೋನಿನ ವಿಡಿಯೋ ನೇರ ಹಾಕಿದರೆ ಆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತ ತಡವರಿಸುತ್ತಿತ್ತು. ಅದಕ್ಕೇ ಮೊದಲು ಅದನ್ನು ಎಡಿಟಿಂಗಿಗೆ ಒಗ್ಗುವ ಫೈಲಾಗಿ ಬದಲಿಸಿಕೊಳ್ಳುವಳು. ಬದಲಾದ ಫೈಲು ಹಿಗ್ಗಿ ಜಾಗ ನುಂಗುವುದರಿಂದ, ಆರಂಭವನ್ನಷ್ಟೇ ನೋಡಿ ಮೂಲವನ್ನು ಪೂರ್ತಿ ಅಳಿಸಿಬಿಡುವಳು.

ಊರಿನ ಬೇಕರಿಯವಳು ತಂದುಕೊಟ್ಟ, ಅವಳ ತಾಯಿಯ ವಿಡಿಯೋಗೂ ಹಾಗೇ ಮಾಡಿದಳು. ಅದರಲ್ಲಿ ಮುದುಕಿ ತಾನು ಮೊದಲ ಸಲ ಬೇಕರಿ ಒಲೆ ಹಚ್ಚಿದ ಕತೆಯನ್ನು ನಗುನಗುತ್ತ ಹೇಳಿದ್ದಳು. ಆಮೇಲೆ ಲಕ್ವ ಹೊಡೆದು ಮಾತು ನಿಂತಿತು. ಆ ದನಿ ಉಳಿದಿದ್ದು ಅದೊಂದರಲ್ಲೇ.

ಮಧ್ಯಾಹ್ನ ನಡುವಿನ ತುಣುಕು ಓಡಿಸಿದ ಕತ್ತರಿ ಅಕ್ಕ ಅದನ್ನು ನಿಲ್ಲಿಸಿ ಮತ್ತೆ ಓಡಿಸಿದಳು. ತುಟಿ ಮುಂದೆ, ಮಾತು ಹಿಂದೆ. ಮುದುಕಿ ಬಾಯಿ ಮುಚ್ಚಿದ ಮೇಲೆ ನಗು ಕೇಳುತ್ತಿತ್ತು. ಬೆಳಕು ಕಮ್ಮಿಯಾದ ಕಡೆ ಫೋನು ಸೆಕೆಂಡಿಗೆ ಕಮ್ಮಿ ಚಿತ್ರ ಹಿಡಿಯುತ್ತದೆ. ಬದಲಿಸುವಾಗ ಅದನ್ನು ಸರಿದೂಗಿಸುವ ಆಯ್ಕೆಯನ್ನು ಅವಳು ಒತ್ತಿರಲಿಲ್ಲ; ಅದಕ್ಕೇ ಚಿತ್ರ ಮಾತಿಗಿಂತ ಮುಂದೆ ಓಡಿತ್ತು.

ಕೂಡಲೇ ಬೇಕರಿಗೆ ಫೋನ್ ಮಾಡಿದಳು.

"ಆ ವಿಡಿಯೋ ನಿಮ್ಮ ಹತ್ರ ಇನ್ನೂ ಇದೆಯೇನಮ್ಮಾ?"

"ನೀವೇ ಹೇಳಿದ್ರಲ್ಲ ಅಕ್ಕ, ಕೊಟ್ಟ ಮೇಲೆ ಫೋನ್ ಖಾಲಿ ಮಾಡ್ಕೋ ಅಂತ! ಯಾಕೆ, ಏನಾಯ್ತು?"

"ಏನಿಲ್ಲ, ಸುಮ್ಮನೆ ಕೇಳಿದೆ."

ಹಾಗಂದು ಫೋನ್ ಇಟ್ಟಳು. ಹರಿದ ಬಟ್ಟೆಗೆ ತೇಪೆ ಹಾಕುವವಳಂತೆ ಚಿತ್ರವನ್ನು ತುಂಡು ತುಂಡು ಮಾಡಿ, ಒಂದೊಂದನ್ನೂ ನಿಧಾನಗೊಳಿಸಿ, ತುಟಿಗೆ ಮಾತು ಕೂಡಿಸುತ್ತ ಹೋದಳು. ಬಹಳಷ್ಟು ಕೂಡಿಬಂತು. ಬನ್ನು ಸೀದದ್ದಕ್ಕೆ ಮಗಳನ್ನು ಬೈದದ್ದನ್ನು ಮುದುಕಿ ಹೇಳುವ ಭಾಗ ಮಾತ್ರ ಏನು ಮಾಡಿದರೂ ಕೂಡಲಿಲ್ಲ.

"ಏನತ್ತಿಗೆ, ಮುಖ ಸುಣ್ಣ ಬಳಿದ ಗೋಡೆ ಥರ ಆಗಿದೆ?" ಎಂದು ಮೈದುನ ಬಂದ. ಅವಳು ಎಲ್ಲ ಹೇಳಿದಳು.

"ಅಷ್ಟೇನಾ! ವಿಡಿಯೋ ತಗೊಳ್ಳೋಕೆ ಅವಳು ಬಂದಾಗ ನೀವು ಒಳಗಿರಿ. ಫೋನಲ್ಲೇ ಹೀಗೆ ಬಂದಿತ್ತು ಅಂತ ನಾನು ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ?"

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊರಗೆ ಬೇಕರಿಯವಳು ತಾಯಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಳು.  ಕತ್ತರಿ ಅಕ್ಕ ಮೇಜು ಹಿಡಿದು ಎದ್ದಳು.

"ಬೇಡಪ್ಪಾ. ನೀನು ಒಳಗೆ ಹೋಗು. ನಾನೇ ಹೇಳ್ತೀನಿ."